ಅತ್ತೆ, ನಾನು ಮತ್ತು ಮೊಲದ ಮೂತ್ರ

ಮೂವತ್ತು ವರ್ಷ ನಾನು ಹೊಟ್ಟೆ ಹೊರೆದದ್ದು ಬೇರೆಯವರ ಮೂತ್ರದಿಂದ. ನೀವು ಕಾಫಿ ಕುಡಿಯುತ್ತಾ ಇದನ್ನು ಓದುತ್ತಿದ್ದರೆ ದಯವಿಟ್ಟು ಲೋಟ ಮುಗಿಸಿ ಬನ್ನಿ, ನಾನು ಕಾಯುತ್ತೇನೆ. ಶ್ರೀನಿವಾಸಪುರದ ಕಡೆ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ನಾನು ಲ್ಯಾಬ್ ಟೆಕ್ನೀಷಿಯನ್ ಆಗಿದ್ದೆ. ರಕ್ತ, ಕಫ ಎಲ್ಲವನ್ನೂ ನೋಡುತ್ತಿದ್ದೆನಾದರೂ ಬೆಳಗಾದರೆ ನನ್ನ ಮೇಜಿನ ಮೇಲೆ ಸಾಲುಗಟ್ಟಿ ನಿಲ್ಲುತ್ತಿದ್ದದ್ದು ಮೂತ್ರದ ಬಾಟಲಿಗಳೇ. ಮಾವಿನ ಕಾಲದಲ್ಲಂತೂ ಸಕ್ಕರೆ ಕಾಯಿಲೆಯವರು ಹೊಟ್ಟೆ ತುಂಬ ಹಣ್ಣು ತಿಂದು ಬಂದು, "ಬಾಯಿಗೇ ಇಟ್ಟಿಲ್ಲ ಸಾರ್" ಎಂದು ಆಣೆ ಇಡುತ್ತಿದ್ದರು. ಬಾಟಲಿ ಮಾತ್ರ ನಿಜ ಹೇಳಿಬಿಡುತ್ತಿತ್ತು. ಮನುಷ್ಯನ ಬಾಯಿಗಿಂತ ಅವನ ಮೂತ್ರವನ್ನು ನಂಬಬೇಕು ಎಂಬ ತೀರ್ಮಾನಕ್ಕೆ ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷವೇ ಬಂದಿದ್ದೆ.

ಈ ನನ್ನ ಘನವಾದ ಉದ್ಯೋಗದ ಬಗ್ಗೆ ಒಬ್ಬರಿಗೆ ಮಾತ್ರ ತುಂಬ ಸಂಕೋಚವಿತ್ತು. ಅವರು ನನ್ನ ಅತ್ತೆ, ಅಂದರೆ ನನ್ನ ಹೆಂಡತಿ ನಾಗಮಣಿಯ ತಾಯಿ. ಯಲ್ದೂರಿನ ಹತ್ತಿರದ ಹಳ್ಳಿಯವರು. ನೆಂಟರಿಷ್ಟರಲ್ಲಿ ಯಾರಾದರೂ ಅಳಿಯನಿಗೆ ಏನು ಕೆಲಸ ಎಂದು ಕೇಳಿದರೆ, "ಆಸ್ಪತ್ರೇಲಿದ್ದಾರೆ" ಎಂದಷ್ಟೇ ಹೇಳುವರು. ಆಸ್ಪತ್ರೆಯಲ್ಲಿ ಏನು ಎಂದು ಕೇಳಿದರೆ ತಕ್ಷಣ ಮಳೆಯ ವಿಷಯ ತೆಗೆಯುವರು. ಕೋಲಾರದ ಸೀಮೆಯಲ್ಲಿ ಮಳೆಯ ವಿಷಯ ತೆಗೆದರೆ ಯಾರೂ ಮತ್ತೆ ಹಿಂದಿನ ಪ್ರಶ್ನೆಗೆ ಬರುವುದಿಲ್ಲ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಹೀಗಾಗಿ ಅವರ ಬಳಗದಲ್ಲಿ ಅರ್ಧ ಜನ ನನ್ನನ್ನು ಡಾಕ್ಟರು ಎಂದೂ ಇನ್ನರ್ಧ ಜನ ವಾಚ್‌ಮನ್ ಎಂದೂ ತಿಳಿದಿದ್ದರು.

ಅತ್ತೆ ಹಳೇ ಕಾಲದ ಮರ್ಯಾದೆಯವರು. ಅಳಿಯನ ಎದುರಿಗೆ ಕುರ್ಚಿಯಲ್ಲಿ ಕೂರುವುದಿಲ್ಲ. ನಾನು ಹಾಲ್‌ಗೆ ಬಂದರೆ ಅವರು ಅಡುಗೆಮನೆಗೆ, ನಾನು ಅಡುಗೆಮನೆಗೆ ಹೋದರೆ ಅವರು ಹಿತ್ತಲಿಗೆ. ನನ್ನೊಂದಿಗೆ ಮಾತಾಡಬೇಕಾದರೆ ನಾಗಮಣಿಯ ಕಡೆ ತಿರುಗಿ, "ಅಳಿಯಂದ್ರಿಗೆ ಇನ್ನೊಂದ್ಚೂರು ಸಾರು ಬೇಕೇನೋ ಕೇಳಮ್ಮ" ಎನ್ನುವರು. ನಾನೂ ನಾಗಮಣಿಗೆ, "ಸಾಕು ಅಂತ ಹೇಳು" ಎನ್ನುವೆ. ನಾವಿಬ್ಬರೂ ಕೂತಿರುವುದು ಆರಡಿ ಅಂತರದಲ್ಲಿ. ಮದುವೆಯಾದ ಲಾಗಾಯ್ತು ನಡುವೆ ನಿಂತು ಮಾತು ಸಾಗಿಸಿ ಸಾಗಿಸಿ ನಾಗಮಣಿಗೆ ರೇಗಿಹೋಗಿದೆ. ಆದರೂ ಈ ಏರ್ಪಾಡಿನಲ್ಲಿ ಏನೋ ಒಂದು ಸೊಗಸಿದೆ ಎಂದೇ ನಾನು ನಂಬಿದ್ದೆ. ಅದು ಒಂದು ಜೀವಕ್ಕೆ ಕುತ್ತು ತರಬಹುದು ಎಂದು ನನಗೆ ಹೊಳೆದಿರಲಿಲ್ಲ.

ಅತ್ತೆ ಜೀವಮಾನವಿಡೀ ರೇಷ್ಮೆ ಹುಳು ಸಾಕಿದವರು. ಮಾವನವರು ತೀರಿಕೊಂಡ ಮೇಲೂ ಒಬ್ಬರೇ ಬೆಳೆ ತೆಗೆದರು. ಮಂಡಿ ಹಿಡಿದು, ತಟ್ಟೆ ಎತ್ತಿ ಇಳಿಸುವುದು ಆಗುವುದಿಲ್ಲ ಎನಿಸಿದಾಗ ತಾವೇ ಹುಳುಮನೆಗೆ ಬೀಗ ಹಾಕಿ, ತೋಟವನ್ನು ಪಕ್ಕದವರಿಗೆ ಗುತ್ತಿಗೆ ಕೊಟ್ಟು, ನಮ್ಮ ಮನೆಗೆ ಬಂದರು. ಬರುವಾಗ ಬಟ್ಟೆಯ ಗಂಟಿನ ಜೊತೆ ನಾಲ್ಕು ಚಂದ್ರಿಕೆಗಳನ್ನೂ ತಂದರು. ಹಣ್ಣಾದ ಹುಳು ಗೂಡು ಕಟ್ಟಲು ಬಿಡುವ, ಬಿದಿರಿನ ಸುರುಳಿ ಸುರುಳಿಯ ಆ ಅಗಲ ತಟ್ಟೆ ನಮ್ಮ ಮನೆಯಲ್ಲಿ ಏತಕ್ಕೆ ಎಂದು ಯಾರೂ ಕೇಳಲಿಲ್ಲ. ಮೊದಲ ಒಂದು ತಿಂಗಳು ಅವರನ್ನು ನೋಡಲಾಗುತ್ತಿರಲಿಲ್ಲ. ದಿನಕ್ಕೆ ನಾಲ್ಕು ಸಲ ಹುಳುವಿಗೆ ಸೊಪ್ಪು ಹಾಕಿದ ಕೈ ಅದು. ಆ ಹೊತ್ತುಗಳು ಬಂದಾಗ ಸುಮ್ಮನೆ ಎದ್ದು ನಿಲ್ಲುವರು, ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಮತ್ತೆ ಕೂರುವರು. ಏನಾದರೂ ಸಮಾಧಾನ ಹೇಳಬೇಕು ಎನಿಸುತ್ತಿತ್ತು. ಆದರೆ ನಾನು ಅಳಿಯ, ಏನು ಮಾತಾಡಲಿ?

ಆಗ ಮಾಲೂರಿನಿಂದ ನನ್ನ ನಾದಿನಿ ಸರಳಾ ಬಂದಳು. ಟೊಮೊಟೊ ಕ್ರೇಟಿನಲ್ಲಿ ಒಂದು ಬಿಳಿ ಮೊಲ ತಂದಿದ್ದಳು. ಅವಳ ಮನೆಯಲ್ಲಿ ಎರಡಿದ್ದ ಮೊಲಗಳು ಹಲವಾಗಿ, ಅವಳ ಗಂಡ ಅವುಗಳಲ್ಲಿ ಯಾರು ಯಾರೆಂದು ತಿಳಿಯದೆ ಕಂಗಾಲಾಗಿದ್ದನಂತೆ. ಅತ್ತೆ ಅದನ್ನು ನೋಡಿದವರೇ "ರಾ ನಾನ್ನಾ, ಬುಜ್ಜಿ" ಎಂದು ತೆಲುಗಿನಲ್ಲಿ ಮುದ್ದುಗರೆದು ಮಡಿಲಿಗೆ ಹಾಕಿಕೊಂಡರು. ನಮ್ಮ ಕಡೆ ಲೆಕ್ಕಾಚಾರ, ಜಗಳ ಎಲ್ಲ ಕನ್ನಡದಲ್ಲಾದರೂ ಮುದ್ದು ಬಂದಾಗ ತೆಲುಗೇ ಬರುವುದು. ಹಿತ್ತಲಿನ ಮೂಲೆಯಲ್ಲಿ ಆ ನಾಲ್ಕು ಚಂದ್ರಿಕೆಗಳನ್ನು ನಿಲ್ಲಿಸಿ ಕಟ್ಟಿದರೆ ಅಂದವಾದ ಬೇಲಿಯಾಯಿತು. ಒಳಗೆ ಬುಜ್ಜಿ, ಹೊರಗೆ ಅತ್ತೆ. ಮನೆಗೆ ಮತ್ತೆ ಹೊತ್ತುಗೊತ್ತು ಬಂತು.

ಮೊಲಕ್ಕೆ ಏನು ಹಾಕಬೇಕು ಎಂದು ಅತ್ತೆ ಯಾರನ್ನೂ ಕೇಳಲಿಲ್ಲ. ಮಗ್ಗುಲಲ್ಲೇ ಉತ್ತರವಿದ್ದಾಗ ಯಾಕೆ ಕೇಳಬೇಕು? ಬೆಳಗಿನ ಮೊದಲ ಬಸ್ಸಿಗೆ ಅವರ ತೋಟದಿಂದ ರೇಷ್ಮೆ ಸೊಪ್ಪಿನ ಒಂದು ಕಟ್ಟು ಬರತೊಡಗಿತು. ಹಿಪ್ಪುನೇರಳೆ ಎಂದು ಪುಸ್ತಕದಲ್ಲಿ ಬರೆಯುವ ಆ ಎಲೆಯನ್ನು ನಮ್ಮಲ್ಲಿ ಬರೀ ಸೊಪ್ಪು ಎಂದರೂ ಸಾಕು, ಬೇರೆ ಸೊಪ್ಪುಗಳಿಗೇ ಹೆಸರು ಬೇಕು. ಅತ್ತೆ ಎಳೆಯದನ್ನು ಆರಿಸಿ, ಸೆರಗಿನಿಂದ ಒಂದೊಂದೇ ಎಲೆಯ ಇಬ್ಬನಿ ಒರೆಸಿ, ಸಣ್ಣಗೆ ಹೆಚ್ಚಿ, ದಿನಕ್ಕೆ ನಾಲ್ಕು ಸಲ ಹಾಕುವರು. ಒದ್ದೆ ಎಲೆ ತಿಂದರೆ ಹುಳು ಕೆಡುತ್ತದೆ, ಇದೂ ಕೆಡಬಾರದಲ್ಲ. ಇನ್ನು ನೀರು? ಹುಳು ನೀರು ಕುಡಿಯುವುದನ್ನು ಯಾರು ಕಂಡಿದ್ದಾರೆ! ಎಲೆಯಲ್ಲಿರುವುದೇ ಸಾಕು. ನಾಗಮಣಿ ಒಂದು ಬಟ್ಟಲು ನೀರಿಟ್ಟರೆ, ನೆಲ ಒದ್ದೆಯಾಗುತ್ತದೆ ಎಂದು ಅತ್ತೆ ತೆಗೆದಿಡುವರು. ಜಾಗ ತೇವವಾಗಬಾರದು ಎಂದು, ಹುಳುವಿನ ಹಾಸಿಗೆಗೆ ಹಾಕುವಂತೆ, ಆಗಾಗ ಒಂದು ತೆಳು ಬಟ್ಟೆಯಲ್ಲಿ ಸುಣ್ಣದ ಪುಡಿ ಕಟ್ಟಿ ನೆಲದ ಮೇಲೆ ತಟ್ಟುವರು. ಎಂಥ ಶ್ರದ್ಧೆ ಅದು! ಬುಜ್ಜಿಯೇನಾದರೂ ರೇಷ್ಮೆ ಹುಳುವಾಗಿದ್ದರೆ ಇಡೀ ಜಿಲ್ಲೆಗೆ ಮಾದರಿಯಾಗುವಂಥ ಗೂಡು ಕಟ್ಟುತ್ತಿತ್ತು.

ಮೊದಲ ಗಾಬರಿ ಬಂದದ್ದು ಕೆಂಪು ಬಣ್ಣದಲ್ಲಿ. ಒಂದು ಬೆಳಿಗ್ಗೆ ನಾಗಮಣಿ ಓಡಿಬಂದು, "ರೀ, ಅಮ್ಮ ಅಳ್ತಿದ್ದಾರೆ, ಬುಜ್ಜಿ ಇರೋ ಕಡೆ ರಕ್ತ!" ಎಂದಳು. ಹೋಗಿ ನೋಡಿದರೆ ನೆಲದ ಮೇಲೆ ಕೆಂಪಗೆ ಒಂದು ಮಡು. ಅತ್ತೆ ಗೋಡೆಯ ಕಡೆ ತಿರುಗಿ ನಿಂತಿದ್ದರು. ನಿವೃತ್ತನಾದರೂ ನನ್ನ ಪೆಟ್ಟಿಗೆಯಲ್ಲಿ ಮೂತ್ರ ಪರೀಕ್ಷೆಯ ಪಟ್ಟಿಗಳ ಒಂದು ಡಬ್ಬಿ ಇತ್ತು. ಪಟ್ಟಿ ಅದ್ದಿದೆ, ಗಡಿಯಾರ ನೋಡಿದೆ, ರಕ್ತವಿಲ್ಲ! ಹಿಂದಿನ ದಿನ ನಾಗಮಣಿ ಒಂದು ಹಿಡಿ ಕೆಂಪು ದಂಟಿನ ಸೊಪ್ಪು ಹಾಕಿದ್ದಳು. ಮೊಲದ ಮೂತ್ರ ತಿಂದದ್ದರ ಬಣ್ಣಕ್ಕೆ ತಿರುಗುತ್ತದೆ. ಹಳದಿ, ಕಿತ್ತಳೆ, ಕೆಂಪು ಯಾವುದೂ ಆಗಬಹುದು. ನಮ್ಮ ಮೂತ್ರದಂತೆ ಅದು ತಿಳಿಯಾಗಿಯೂ ಇರುವುದಿಲ್ಲ. ನಮ್ಮ ದೇಹ ತನಗೆ ಬೇಕಾದಷ್ಟೇ ಸುಣ್ಣದಂಶವನ್ನು ಊಟದಿಂದ ತೆಗೆದುಕೊಳ್ಳುತ್ತದೆ. ಮೊಲದ ಕರುಳಿಗೆ ಆ ಸಂಯಮವಿಲ್ಲ, ಸಿಕ್ಕಿದ್ದನ್ನೆಲ್ಲ ಹೀರಿಕೊಂಡು ಹೆಚ್ಚಾದದ್ದನ್ನು ಮೂತ್ರದಲ್ಲಿ ಹೊರಗೆ ಕಳಿಸುತ್ತದೆ. ಆದ್ದರಿಂದ ಸ್ವಲ್ಪ ಮಂದವಾಗಿರುವುದು ಸಹಜ. ಇದನ್ನೆಲ್ಲ ಫೋನಿನಲ್ಲಿ ಹುಡುಕಿ ಓದಿ, ನಾಗಮಣಿಯ ಮೂಲಕ ಅತ್ತೆಗೆ ಉಪನ್ಯಾಸ ಮಾಡಿದೆ. ಅತ್ತೆ ಕಣ್ಣೊರೆಸಿಕೊಂಡರು. ಮಧ್ಯಾಹ್ನ ನನ್ನ ಎಲೆಗೆ ಕೇಳದೆಯೇ ಎರಡನೇ ಒಬ್ಬಟ್ಟು ಬಿತ್ತು.

ಆ ಒಬ್ಬಟ್ಟೇ ನನ್ನ ತಲೆ ತಿರುಗಿಸಿದ್ದು. ಮೊಲದ ಮೂತ್ರದಲ್ಲಿ ನಾನು ಪಂಡಿತನಾದೆ. ವಾಕಿಂಗ್ ಗೆಳೆಯರಿಗೆ ಕೇಳದಿದ್ದರೂ ಹೇಳಿದೆ. ಸರಳಾಗೆ ಫೋನ್ ಮಾಡಿ ಹೇಳಿದೆ. ಇದಾದ ಮೇಲೆ ಒಮ್ಮೆ ನಾಗಮಣಿ, "ರೀ, ಬುಜ್ಜಿಗೆ ಬೆಳ್ಳಗೆ ಹೋಗ್ತಿದೆ ಅಂತಾರೆ ಅಮ್ಮ" ಎಂದಾಗ ನಾನು ಪೇಪರಿನಿಂದ ತಲೆ ಎತ್ತದೆ, "ಮೊಲಕ್ಕೆ ಹಾಗೇ ಹೋಗೋದು, ನಾರ್ಮಲ್" ಎಂದೆ. ಎದ್ದು ಹೋಗಿ ನೋಡಲಿಲ್ಲ. ಮೂವತ್ತು ವರ್ಷದಲ್ಲಿ ಒಂದೇ ಒಂದು ಬಾಟಲಿಯನ್ನೂ ನೋಡದೆ ರಿಪೋರ್ಟ್ ಬರೆದವನಲ್ಲ ನಾನು. ಮನೆಯ ಹಿತ್ತಲಿನದಕ್ಕೆ ಮಾತ್ರ ಬರೆದುಬಿಟ್ಟೆ.

ನೋಡಲೇ ಇಲ್ಲ ಎಂದರೆ ಸುಳ್ಳಾಗುತ್ತದೆ. ಬೆಳಿಗ್ಗೆ ಹಲ್ಲುಜ್ಜುತ್ತಾ ಹಿತ್ತಲಿಗೆ ಹೋದಾಗ ಬುಜ್ಜಿಯ ಮೂಲೆಯ ನೆಲದ ಮೇಲೆ ಬಿಳಿ ಪುಡಿ ದಿನಾ ಕಾಣುತ್ತಿತ್ತು. ಅತ್ತೆಯ ಸುಣ್ಣ ಎಂದುಕೊಂಡೆ. ಸ್ವಲ್ಪ ಜಾಸ್ತಿಯೇ ಹಾಕುತ್ತಿದ್ದಾರೆ, ಮೂಗಿಗೆ ಹೋದರೆ ಮೊಲಕ್ಕೆ ಒಳ್ಳೆಯದಲ್ಲ, ಹೇಳಬೇಕು ಎಂದೂ ಅಂದುಕೊಂಡೆ. ಆದರೆ ಅತ್ತೆಯ ಕೆಲಸದಲ್ಲಿ ಅಳಿಯ ತಪ್ಪು ಹಿಡಿಯುವುದೇ? ಅವರು ಮನಸ್ಸಿಗೆ ಹಚ್ಚಿಕೊಂಡರೆ? ಬಾಯಿ ಮುಕ್ಕಳಿಸಿ ಒಳಗೆ ಬಂದೆ. ಹೀಗೆ ಎರಡು ವಾರ ಬಾಯಿ ಮುಕ್ಕಳಿಸಿದೆ.

ಆಮೇಲೆ ಬುಜ್ಜಿ ಮೇವು ಬಿಟ್ಟಿತು. ಮೂಲೆಯಲ್ಲಿ ಬೆನ್ನು ಗೂನು ಮಾಡಿ ಅಲುಗಾಡದೆ ಕೂತಿತು. ರೇಷ್ಮೆ ಹುಳು ಪೊರೆ ಬಿಡುವ ಮುಂಚೆ ಹೀಗೇ ಮೇವು ಬಿಟ್ಟು ಅಲುಗಾಡದೆ ಇರುತ್ತದೆ. ಆಗ ಅದನ್ನು ಮುಟ್ಟಬಾರದು, ಸೊಪ್ಪು ಹಾಕಬಾರದು, ಪೊರೆ ಕಳಚಿ ಎದ್ದ ಮೇಲೆ ಎರಡರಷ್ಟು ತಿನ್ನುತ್ತದೆ. ಅತ್ತೆಯ ಅನುಭವ ಅದು. "ಸುಮ್ನಿರಮ್ಮ, ಮುಟ್ಬೇಡ. ತಾನಾಗೇ ಏಳ್ತದೆ" ಎಂದು ನಾಗಮಣಿಗೆ ಹೇಳಿ ಒಂದು ಇಡೀ ದಿನ ಬೇಲಿಯ ಪಕ್ಕ ಕಾವಲು ಕೂತರು. ಮಾರನೆಯ ಬೆಳಿಗ್ಗೆ ನಾನು ಹೋದಾಗ ಬುಜ್ಜಿಯ ಹಲ್ಲು ಕಟಕಟ ಕಡಿಯುವ ಸದ್ದು ಕೇಳಿಸಿತು. ಬಾಲದ ಕೆಳಗಿನ ಕೂದಲೆಲ್ಲ ಒದ್ದೆಯಾಗಿ ಅಂಟಿಕೊಂಡಿತ್ತು. ಬಾಲ ಎತ್ತಿ ತಿಣುಕುತ್ತಿದೆ, ಏನೂ ಬರುತ್ತಿಲ್ಲ. ಆಸ್ಪತ್ರೆಯ ಬೆಂಚಿನ ಮೇಲೆ ಕಲ್ಲಿನ ನೋವಿನಿಂದ ಮುದುರಿ ಕೂತವರನ್ನು ನಾನು ಎಷ್ಟು ಕಂಡಿದ್ದೇನೋ. ಅದೇ ಮುಖ. ನನ್ನ ಕೈಯಲ್ಲಿದ್ದ ಬ್ರಷ್ ಕೆಳಗೆ ಬಿತ್ತು.

"ಕಾರು ತೆಗೀತೀನಿ, ಹೊರಡಿ" ಎಂದೆ. ನಾಗಮಣಿಯ ಮೂಲಕ ಅಲ್ಲ, ನೇರವಾಗಿ ಅತ್ತೆಗೇ.

ಕೋಲಾರದಲ್ಲಿ ಸಣ್ಣ ಪ್ರಾಣಿಗಳನ್ನು ನೋಡುವ ಒಬ್ಬ ಡಾಕ್ಟರಮ್ಮ ಇದ್ದಾರೆ ಎಂದು ಸರಳಾ ಹೇಳಿದ್ದಳು. ಹಿಂದಿನ ಸೀಟಿನಲ್ಲಿ ಅತ್ತೆ ಬುಜ್ಜಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಕೂತರು. ದಾರಿಯುದ್ದಕ್ಕೂ ಮಾವಿನ ತೋಪುಗಳು ಬಂದವು ಹೋದವು. ಕನ್ನಡಿಯಲ್ಲಿ ನೋಡಿದರೆ ಅತ್ತೆಯ ತುಟಿ ಮಾತ್ರ ಅಲುಗುತ್ತಿತ್ತು.

ಡಾಕ್ಟರಮ್ಮನಿಗೆ ಮೂವತ್ತರ ಆಸುಪಾಸು, ಮಾತು ಚುರುಕು. ಹೊಟ್ಟೆ ಒತ್ತಿ ನೋಡಿ ಹುಬ್ಬು ಗಂಟಿಕ್ಕಿದರು. "ಯೂರಿನ್ ಹೇಗೆ ಹೋಗ್ತಿದೆ? ಯಾರು ನೋಡ್ಕೊಳ್ಳೋದು ಇದನ್ನ?"

ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಿದೆವು. ಅತ್ತೆ ನಾಗಮಣಿಯ ಕಿವಿಯಲ್ಲಿ ಏನೋ ಹೇಳಿದರು. ನಾಗಮಣಿ, "ಬೆಳ್ಳಗೆ ಹೋಗ್ತಿತ್ತಂತೆ" ಎಂದಳು.

"ಬೆಳ್ಳಗೆ ಅಂದ್ರೆ? ಹಾಲಿನ ಥರಾನಾ, ಪೇಸ್ಟ್ ಥರಾನಾ? ಒಣಗಿದ ಮೇಲೆ ಏನಾಗ್ತಿತ್ತು?"

ಮತ್ತೆ ಕಿವಿ, ಮತ್ತೆ ಪಿಸುಮಾತು. ಡಾಕ್ಟರಮ್ಮನಿಗೆ ತಾಳ್ಮೆ ಮುಗಿಯಿತು. "ಅಜ್ಜಿ, ನೀವೇ ಹೇಳಿ. ನಿಮಗೆ ತಾನೇ ಗೊತ್ತಿರೋದು?"

ಅತ್ತೆ ಸೆರಗನ್ನು ಬಾಯಿಗೆ ಹಿಡಿದು ನನ್ನ ಕಡೆ ಒಮ್ಮೆ ನೋಡಿದರು. ನಾನು ಗೋಡೆಯ ಮೇಲಿದ್ದ ನಾಯಿಗಳ ಪಟವನ್ನು ಅತ್ಯಂತ ಆಸಕ್ತಿಯಿಂದ ನೋಡತೊಡಗಿದೆ. ಡಾಕ್ಟರಮ್ಮ ನನ್ನನ್ನು ಬಿಡಲಿಲ್ಲ. "ನೀವು ನೋಡಿಲ್ವಾ ಸರ್?"

"ಬಿಳಿ ಪುಡಿ ಇರುತ್ತಿತ್ತು. ಆದ್ರೆ ಅದು ನಮ್ಮ ಅತ್ತೆಯವರು ಹಾಕೋ ಸುಣ್ಣ" ಎಂದೆ.

"ಸುಣ್ಣಾನಾ?" ಎಂದರು ಅತ್ತೆ. ಸೆರಗು ಬಾಯಿಂದ ಜಾರಿತು. "ಸುಣ್ಣ ಹಾಕೋದು ಬಿಟ್ಟು ಎಷ್ಟೋ ದಿನ ಆಯ್ತಲ್ಲ. ಬುಜ್ಜಿ ಸೀನ್ತದೆ ಅಂತ ಅವತ್ತೇ ನಿಲ್ಲಿಸ್ಬಿಟ್ಟೆ."

ಅಂದರೆ, ದಿನಾ ಬೆಳಿಗ್ಗೆ ನಾನು ಕಂಡ ಬಿಳಿ ಪುಡಿ ಬುಜ್ಜಿಯ ಒಣಗಿದ ಮೂತ್ರ. ಅತ್ತೆಗೆ ಅದು ಗೊತ್ತಿತ್ತು. ಗುಡಿಸುವವರು ಅವರೇ. ಬೆರಳಲ್ಲಿ ಉಜ್ಜಿದರೆ ಮರಳಿನಂತೆ ತರಿತರಿ ಇರುವುದೂ ಅವರಿಗೆ ಗೊತ್ತಿತ್ತು. ಆದರೆ ಅಳಿಯನ ಎದುರು ನಿಂತು ಉಚ್ಚೆಯ ಮಾತಾಡುವುದು ಹೇಗೆ? ಮಗಳ ಹತ್ತಿರ ಹೇಳಿ ಕಳಿಸಿದರು. ಅಳಿಯ ನಾರ್ಮಲ್ ಎಂದ. ಆಸ್ಪತ್ರೆಯಲ್ಲಿದ್ದವನ ಮಾತನ್ನು ಅವರು ಹೇಗೆ ಮೀರುತ್ತಾರೆ? ಅವರು ಮರ್ಯಾದೆಗೆ ಬಾಯಿ ಮುಚ್ಚಿದರು, ನಾನು ಮರ್ಯಾದೆಗೆ ಬಾಯಿ ಮುಕ್ಕಳಿಸಿದೆ. ನಡುವೆ ಆ ಮೂಕಪ್ರಾಣಿಯ ಮೂತ್ರಕೋಶದಲ್ಲಿ ಸುಣ್ಣ ಗಟ್ಟಿಯಾಗುತ್ತಾ ಹೋಯಿತು.

ಎಕ್ಸ್‌ರೇಯಲ್ಲಿ ಅದು ಸ್ಪಷ್ಟವಾಗಿ ಕಂಡಿತು. ಹೊಟ್ಟೆಯ ಕೆಳಗೆ ಕೋಳಿಮೊಟ್ಟೆ ಇಟ್ಟಂತೆ ಬೆಳ್ಳಗೆ. ಕಲ್ಲಲ್ಲ, ಕೆಸರು ಎಂದರು ಡಾಕ್ಟರಮ್ಮ. ಅರಿವಳಿಕೆ ಕೊಟ್ಟು, ಸಣ್ಣ ನಳಿಕೆ ಹಾಕಿ, ಉಪ್ಪುನೀರು ಬಿಟ್ಟು ಬಿಟ್ಟು ತೊಳೆದು ತೆಗೆದರು. ಬಂದದ್ದನ್ನು ನನಗೆ ತೋರಿಸಿದರು. ಹಲ್ಲುಜ್ಜುವ ಪೇಸ್ಟ್ ಇದ್ದಹಾಗಿತ್ತು. ಆಮೇಲೆ ಏನೇನು ತಿನ್ನುತ್ತದೆ ಎಂದು ಕೇಳಿದರು. ಸೊಪ್ಪು ಎಂದ ತಕ್ಷಣ ಅವರಿಗೆ ಅರ್ಥವಾಗಿಹೋಯಿತು, ಅವರೂ ಈ ಸೀಮೆಯವರೇ ತಾನೆ.

"ರೇಷ್ಮೆ ಸೊಪ್ಪು ವಿಷ ಅಲ್ಲ ಅಜ್ಜಿ. ಒಂದೆರಡು ಎಲೆ ರುಚಿಗೆ ಕೊಡಿ. ಆದ್ರೆ ಅದರಲ್ಲಿ ಸುಣ್ಣದಂಶ ಜಾಸ್ತಿ. ಅದನ್ನೇ ಮೂರು ಹೊತ್ತೂ ಊಟ ಮಾಡಿಸಿ ನೀರು ಕೊಡದೇ ಇದ್ರೆ ಒಳಗೆ ಹೀಗೆ ಕೂತ್ಕೊಳ್ಳುತ್ತೆ. ಮೊಲಕ್ಕೆ ಒಣಹುಲ್ಲೇ ಅನ್ನ. ಸೊಪ್ಪು ಅಂದ್ರೆ ಪಲ್ಯ ಇದ್ದಹಾಗೆ. ನೀರು ಬಟ್ಟಲಲ್ಲಿ ಯಾವಾಗ್ಲೂ ಇರ್ಬೇಕು."

ನಮ್ಮ ಬೋರ್‌ವೆಲ್ ನೀರೇ ಸುಣ್ಣದ ನೀರಲ್ಲವೇ ಎಂದು ನಾನು ಬುದ್ಧಿವಂತಿಕೆ ತೋರಿಸಿದೆ. ಕ್ಯಾನಿನ ನೀರು ಕೊಟ್ಟರೆ ಒಳ್ಳೆಯದೇ, ಆದರೆ ಮೊದಲು ಅದು ಕುಡಿಯಲಿ ಎಂದರು. ಕೊನೆಗೆ, "ಇನ್ನು ನಾಲ್ಕೈದು ದಿನ ತುಂಬ ಮುಖ್ಯ. ಹನಿಹನಿ ಹೋಗೋದು ನಿಂತು ಧಾರೆಯಾಗಿ ಹೋಗ್ಬೇಕು. ಪೂರ್ತಿ ನಿಂತುಹೋದ್ರೆ ಒಂದು ಗಳಿಗೆ ಕಾಯದೆ ಬನ್ನಿ. ಮತ್ತೆ ತುಂಬಿಕೊಂಡ್ರೆ ಆಪರೇಷನ್ನೇ. ಇಷ್ಟು ಸಣ್ಣ ಜೀವ, ತಡ್ಕೊಳ್ಳುತ್ತೆ ಅಂತ ನಾನು ಹೇಳೋಕಾಗಲ್ಲ" ಎಂದರು.

ವಾಪಸು ಬರುವಾಗ ಅತ್ತೆ, "ನನ್ ಕೈಯಾರೆ ತಿನ್ನಿಸ್ದೆ" ಎಂದು ಒಂದೇ ಮಾತು ಹೇಳಿದರು. "ಇಲ್ಲ ಅತ್ತೆ, ನೋಡಬೇಕಾದವನು ನಾನು, ನೋಡಲಿಲ್ಲ" ಎಂದೆ. ಅವರು ಮನೆ ಹತ್ತಿರ ಬಂದಾಗ ಸೆರಗು ಸರಿಮಾಡಿಕೊಂಡು, "ಹುಳಕ್ಕೊಂದು ಕ್ರಮ, ಇದಕ್ಕೊಂದು ಕ್ರಮ. ಕಲೀತೀನಿ. ಇದನ್ನ ಬಿಟ್ಕೊಡಲ್ಲ ನಾನು" ಎಂದರು. ಹೇಳಿದ್ದು ನನಗೇ. ನಾಗಮಣಿ ಮುಂದಿನ ಸೀಟಿನಲ್ಲಿ ನಿದ್ದೆ ಬಂದವಳಂತೆ ಕಣ್ಣು ಮುಚ್ಚಿಕೊಂಡಿದ್ದಳು. ಈ ಮಾತಿಗೆ ನಡುವೆ ಬರುವ ಇರಾದೆ ಅವಳಿಗಿರಲಿಲ್ಲ.

ಎಪ್ಪತ್ತು ದಾಟಿದ ಮೇಲೆ ಒಂದು ಹೊಸ ವಿದ್ಯೆ ಕಲಿಯುವುದು ಹೇಗೆ ಎಂದು ನಾನು ಆ ವಾರ ನೋಡಿದೆ. ಮಾರನೆಯ ಬಸ್ಸಿಗೆ ಸೊಪ್ಪಿನ ಕಟ್ಟಿನ ಜೊತೆ ಬದುವಿನ ಹುಲ್ಲೂ ಬಂತು, ಗರಿಕೆಯೂ ಬಂತು. ಅತ್ತೆ ಮಹಡಿಯ ಮೇಲೆ ಹಳೇ ಸೀರೆ ಹಾಸಿ ಹುಲ್ಲು ಹರಡಿದರು. ಗಂಟೆಗೊಮ್ಮೆ ಮಂಡಿ ಹಿಡಿದುಕೊಂಡು ಮೆಟ್ಟಿಲು ಹತ್ತಿ ಮಗುಚಿ ಬಂದರು. ಒಣಗಬೇಕು, ಹಸಿರು ಹೋಗಬಾರದು, ಬೂಷ್ಟು ಹಿಡಿಯಬಾರದು. ಸೊಪ್ಪು ಕೆಡದಂತೆ ಇಟ್ಟು ಬಲ್ಲವರಿಗೆ ಇದು ಕಷ್ಟದ ಕೆಲಸವಲ್ಲ. ಕಷ್ಟವಾದದ್ದು ಬುಜ್ಜಿಯನ್ನು ಒಪ್ಪಿಸುವುದು. ಎಳೇ ಸೊಪ್ಪಿನ ರುಚಿ ಕಂಡ ನಾಲಿಗೆ ಅದು. ಒಣಹುಲ್ಲು ಮೂಸಿ, ನಮ್ಮ ಕಡೆ ಬೆನ್ನು ತಿರುಗಿಸಿ ಕೂತಿತು. ಸೊಪ್ಪು ಒಮ್ಮೆಲೇ ನಿಲ್ಲಿಸುವಂತಿಲ್ಲ. ಮೊಲ ಹಟಕ್ಕೆ ಉಪವಾಸ ಬಿದ್ದರೆ ಅದರ ಕರುಳು ನಿಂತುಹೋಗುತ್ತದೆ ಎಂದು ಡಾಕ್ಟರಮ್ಮ ಎಚ್ಚರಿಸಿದ್ದರು. ಅತ್ತೆ ಸೊಪ್ಪನ್ನು ಹೆಚ್ಚಿ ಹುಲ್ಲಿನ ಎಸಳುಗಳ ನಡುವೆ ಅಡಗಿಸಿಟ್ಟರು. ಸೊಪ್ಪು ಹುಡುಕುತ್ತಾ ಬುಜ್ಜಿ ಒಂದೆರಡು ಎಸಳು ಹುಲ್ಲನ್ನೂ ಜಗಿಯಿತು. ಮಾರನೆಯ ದಿನ ಸೊಪ್ಪು ಇನ್ನಷ್ಟು ಕಡಿಮೆ, ಹುಲ್ಲು ಇನ್ನಷ್ಟು ಹೆಚ್ಚು. "ತಿನ್ನು ನಾನ್ನಾ, ಮೆತ್ತಗೆ ತಿನ್ನು" ಎಂದು ಅತ್ತೆ ಬೇಲಿಯ ಪಕ್ಕ ಕೂತೇ ಇರುವರು.

ನನ್ನನ್ನು ಹೆಚ್ಚು ತಟ್ಟಿದ್ದು ನೀರಿನ ಸಂಗತಿ. ಬುಜ್ಜಿ ಬಟ್ಟಲಿಗೆ ಬಾಯಿ ಹಾಕಲಿಲ್ಲ. ಹಾಗಾದರೆ ಕೊಡುವ ಸೊಪ್ಪನ್ನೇ ನೀರಲ್ಲಿ ಅದ್ದಿ ಹಾಗೇ ತೊಟ್ಟಿಕ್ಕುವಂತೆ ಕೊಡಿ ಎಂದು ಫೋನಿನಲ್ಲಿ ಡಾಕ್ಟರಮ್ಮ ಹೇಳಿದರು. ಅತ್ತೆ ಕೊತ್ತಂಬರಿ ಅದ್ದಿ ತೆಗೆಯುವರು, ಅವರಿಗೇ ತಿಳಿಯದೆ ಇನ್ನೊಂದು ಕೈ ಸೆರಗನ್ನು ಹಿಡಿದು ಎಲೆ ಒರೆಸಲು ಬರುವುದು. ಜೀವಮಾನವಿಡೀ ಒರೆಸಿದ ಕೈ. "ಥೂ, ನಿನ್ನ" ಎಂದು ತಮ್ಮ ಕೈಯನ್ನು ತಾವೇ ಬೈದುಕೊಂಡು ಮತ್ತೆ ಅದ್ದುವರು. ಮೂರನೆಯ ದಿನ ಸೆರಗನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿಕೊಂಡೇ ಕೂತರು, ಕೈಗೆ ಸಿಗದಿರಲಿ ಎಂದು. ನಾನು ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದೆ. ನನಗೆ ಕಣ್ಣು ತುಂಬಿ ಬಂತು, ಇದರಲ್ಲಿ ನಾಚಿಕೆಯೇನು.

ನನ್ನ ಪಾಲಿನ ಕೆಲಸ ನನಗೆ ಗೊತ್ತಿದ್ದದ್ದೇ. ಬುಜ್ಜಿ ಕೂರುವ ಮೂಲೆಯಲ್ಲಿ ಒಂದು ಬಿಳಿ ಟೈಲ್ ಇಟ್ಟೆ. ಬಿದ್ದ ಹನಿಯನ್ನು ಬೆಳಕಿಗೆ ಹಿಡಿದು ನೋಡಿದೆ, ಬೆರಳಲ್ಲಿ ಉಜ್ಜಿ ನೋಡಿದೆ. ಒಂದು ಬೆಳಿಗ್ಗೆ ಸೀಸೆಯಲ್ಲಿ ಹಾಕಿಕೊಂಡು ನನ್ನ ಹಳೇ ಲ್ಯಾಬಿಗೂ ಹೋದೆ. ಈಗಿರುವ ಹುಡುಗಿ ಪೇಷೆಂಟ್ ಹೆಸರು ಕೇಳಿದಳು. ಬುಜ್ಜಿ ಎಂದೆ. ವಯಸ್ಸು? ಎರಡು. ಮೈಕ್ರೋಸ್ಕೋಪಿನಲ್ಲಿ ಸುಣ್ಣದ ಹರಳುಗಳು ಸಣ್ಣ ಸಣ್ಣ ಡಂಬೆಲ್‌ಗಳಂತೆ ಎಲ್ಲೆಲ್ಲೂ ಬಿದ್ದಿದ್ದವು. ಮೊದಲ ದಿನ ತರಿ, ಎರಡನೆಯ ದಿನ ತರಿ. ಮೂರನೆಯ ದಿನ ಸ್ವಲ್ಪ ಕಡಿಮೆಯೇನೋ ಎನಿಸಿತು. ನಾಲ್ಕನೆಯ ದಿನ ಸಂಜೆ ಮತ್ತೆ ಹನಿಹನಿ. ಬುಜ್ಜಿ ತಿಣುಕುತ್ತಿತ್ತು. ಅತ್ತೆ ಅಂದು ಊಟ ಮಾಡಲಿಲ್ಲ. ನಾಳೆ ಮಧ್ಯಾಹ್ನದವರೆಗೆ ನೋಡೋಣ, ಆಗದಿದ್ದರೆ ಮತ್ತೆ ಕೋಲಾರ ಎಂದು ನಾನೂ ಅತ್ತೆಯೂ ಬೇಲಿಯ ಎರಡು ಕಡೆ ನಿಂತು ತೀರ್ಮಾನಿಸಿದೆವು. ನೋಡಿ, ಆ ಹೊತ್ತಿಗೆ ನಾವು ಎದುರುಬದುರು ಮಾತಾಡುವಷ್ಟು ಕೆಟ್ಟುಹೋಗಿದ್ದೆವು.

ಆ ನಾಳೆಯೇ ಮುಳಬಾಗಿಲಿನವರು ಬರಬೇಕೆ? ಸರಳಾಳ ಮಗಳಿಗೆ ಅಲ್ಲಿಯ ಒಂದು ಮನೆತನದಲ್ಲಿ ಸಂಬಂಧ ಗೊತ್ತಾಗಿತ್ತು. ಹುಡುಗಿಯ ಅಜ್ಜಿಯನ್ನು ನೋಡಿ ಮಾತಾಡಿಸಿ ಹೋಗುವುದು ಅವರ ಕಡೆಯ ಪದ್ಧತಿ. ಹುಡುಗನ ತಂದೆ ಆಡಿಟರು, ಇಸ್ತ್ರಿಯ ಬಿಳಿ ಪಂಚೆ, ಕನ್ನಡಕ, ಎರಡು ಮಾತಿನ ನಡುವೆ ಒಂದು ಮಾತಿನಷ್ಟು ಮೌನ. ಹೆಂಡತಿಯೊಂದಿಗೆ ಹಾಲ್‌ನಲ್ಲಿ ಕೂತರು. ಕರೆತಂದವಳು ಸರಳಾ. ಅತ್ತೆ ಬಾಗಿಲ ಮರೆಯಿಂದ ಕೈಮುಗಿದು ಒಳಗೆ ಹೋದರು. ಅಜ್ಜಿಗೆ ಸ್ವಲ್ಪ ಸಂಕೋಚ ಎಂದು ಸರಳಾ ಸಮಜಾಯಿಷಿ ಹೇಳಿದಳು. ನಾಗಮಣಿ ಕಾಫಿ ಕೊಟ್ಟಳು. ಆಡಿಟರು ಒಂದು ಗುಟುಕು ಕುಡಿದು ನನ್ನ ಕಡೆ ತಿರುಗಿದರು.

"ತಾವು ಆಸ್ಪತ್ರೆಯಲ್ಲಿದ್ದಿರಿ ಎಂದು ಕೇಳಿದೆ. ಯಾವ ಹುದ್ದೆ?"

ಅತ್ತೆಯ ಮೂವತ್ತು ವರ್ಷದ ಗುಟ್ಟು ನನ್ನ ಕೈಯಲ್ಲಿತ್ತು. "ಆಸ್ಪತ್ರೆಯಲ್ಲೇ ಇದ್ದೆ... ಈ ಸಲ ಮಳೆ ಪರವಾಗಿಲ್ಲ ಅಂತಾರೆ ನಿಮ್ಮ ಕಡೆ?" ಎಂದೆ.

ಆಗ ಹಿತ್ತಲಿನಿಂದ ಕೇಳಿಸಿತು. ಆ ದನಿಯನ್ನು ನಾನು ಅದುವರೆಗೆ ಕೇಳಿರಲಿಲ್ಲ. ತೋಟದ ಈ ತುದಿಯಿಂದ ಆ ತುದಿಗೆ ಆಳು ಕರೆಯುವ ದನಿ ಅದು.

"ಅಳಿಯಂದ್ರೇ! ಬುಜ್ಜಿ ಉಚ್ಚೆ ಹೊಯ್ತು! ಧಾರೆ ಹೊಯ್ತು, ಬನ್ನಿ ಬೇಗ!"

ಸರಳಾ ಕಣ್ಣು ಮುಚ್ಚಿಕೊಂಡಳು. ನಾನು ಏಳುವಷ್ಟರಲ್ಲಿ ಅತ್ತೆಯೇ ಬಂದುಬಿಟ್ಟರು. ಸೊಂಟಕ್ಕೆ ಸಿಕ್ಕಿಸಿದ ಸೆರಗು, ಕೈಯಲ್ಲಿ ಬಿಳಿ ಟೈಲು, ಅದರ ಮೇಲೆ ಅಂಗೈಯಗಲ ಹಳದಿ ನೀರು. ಚೆಲ್ಲದಂತೆ ಹಿಡಿದು, ಬೀಗರಾಗುವವರ ನಡುವೆ ಹಾದು, ನನ್ನ ಮುಂದೆ ಚಾಚಿದರು. "ನೀವು ನೋಡಿ ಹೇಳಿ."

ನಾನು ಕನ್ನಡಕ ಹಾಕಿಕೊಂಡೆ. ಟೈಲನ್ನು ಕಿಟಕಿಯ ಬೆಳಕಿಗೆ ಓರೆ ಮಾಡಿದೆ. ಸ್ವಲ್ಪ ಮಂದ, ಮೊಲಕ್ಕೆ ಇರಬೇಕಾದಷ್ಟೇ. ಬೆರಳಲ್ಲಿ ಮುಟ್ಟಿ ಉಜ್ಜಿದೆ. ತರಿ ಇಲ್ಲ. ಇನ್ನೊಮ್ಮೆ ಉಜ್ಜಿದೆ. ಇಲ್ಲವೇ ಇಲ್ಲ.

"ಚೆನ್ನಾಗಿದೆ ಅತ್ತೆ" ಎಂದೆ. "ತುಂಬ ಚೆನ್ನಾಗಿದೆ."

ಅತ್ತೆ ನನ್ನ ಎದುರಿನ ಕುರ್ಚಿಯಲ್ಲಿ ಧಪ್ಪನೆ ಕೂತರು. ಕಣ್ಣಲ್ಲಿ ನೀರು, ಮುಖದಲ್ಲಿ ನಗು. ಆಮೇಲೆ ಆಡಿಟರ ಕಡೆ ತಿರುಗಿ, ತಲೆ ತಗ್ಗಿಸದೆ ಹೇಳಿದರು: "ನಮ್ಮ ಅಳಿಯಂದ್ರು ಆಸ್ಪತ್ರೇಲಿ ಮೂವತ್ತು ವರ್ಷ ಉಚ್ಚೆ ನೋಡಿದ್ದಾರೆ ಸ್ವಾಮಿ. ಅದೇ ಅವರ ಕೆಲಸ. ಅವರು ಚೆನ್ನಾಗೈತೆ ಅಂದ್ರೆ ಚೆನ್ನಾಗೈತೆ ಅಂತಲೇ."

ಆಡಿಟರು ಒಂದು ಮಾತಿನಷ್ಟು ಸುಮ್ಮನಿದ್ದರು. ಕಾಫಿ ಲೋಟವನ್ನು ಕೆಳಗಿಟ್ಟರು. ಸರಳಾಳ ಮುಖ ಬಿಳಿಚಿಹೋಗಿತ್ತು, ಸಂಬಂಧ ಕೈಬಿಟ್ಟಿತು ಎಂದೇ ಅವಳು ತಿಳಿದಿದ್ದಳು. ಅವರು ಕುರ್ಚಿಯನ್ನು ನನ್ನ ಕಡೆ ಎಳೆದುಕೊಂಡು, ಹೆಂಡತಿಗೆ ಕೇಳಿಸದಷ್ಟು ಮೆಲ್ಲಗೆ ಹೇಳಿದರು.

"ನನಗೂ ಒಂದು ತಿಂಗಳಿಂದ ಸ್ವಲ್ಪ ಉರಿ ಇದೆ. ಇಂಥದ್ದನ್ನ ಯಾರ ಹತ್ತಿರ ಹೇಳೋದು ಅಂತ ಸುಮ್ಮನಿದ್ದೆ."

ನಾನು ಬಾಯಿ ತೆರೆಯುವ ಮುಂಚೆಯೇ ಎದುರಿನ ಕುರ್ಚಿಯಿಂದ ಅತ್ತೆ ಕೇಳಿದರು.

"ದಿನಕ್ಕೆ ನೀರು ಎಷ್ಟು ಕುಡೀತೀರಿ?"